ಡೂಡಲ್ ಮರಿಯ ಕೂದಲು ಬದಲಾಗುವಾಗ: ನಮ್ಮ ಕರಾವಳಿ ಮಳೆಯಲ್ಲಿ ಗಂಟು ಬಿಡಿಸುವ ಬಗೆ

ನಮ್ಮ ಗೋಳಿಗೆ ಒಂಬತ್ತು ತಿಂಗಳು ತುಂಬಿದ್ದು ಜೂನ್‌ನಲ್ಲಿ. ಗೋಲ್ಡನ್ ರಿಟ್ರೀವರ್ ಮತ್ತು ಪೂಡಲ್ ಸೇರಿದ ಗೋಲ್ಡನ್‌ಡೂಡಲ್ ಅವಳು. ಹೀಗೆ ಪೂಡಲ್ ಜೊತೆ ಬೇರೆ ತಳಿ ಸೇರಿದ ನಾಯಿಗಳನ್ನೆಲ್ಲ ಡೂಡಲ್ ಅನ್ನುತ್ತಾರೆ. ಮನೆಗೆ ಬಂದಾಗ ಆಗಷ್ಟೇ ಬಾಣಲೆಯಿಂದ ತೆಗೆದ ಗೋಳಿಬಜೆಯ ಹಾಗೆ ಉರುಟಾಗಿ, ಹೊಂಬಣ್ಣಕ್ಕೆ ಇದ್ದಳು. ಹೆಸರು ಅಲ್ಲಿಂದಲೇ ಬಂತು. ಆಗೆಲ್ಲ ವಾರಕ್ಕೆ ಎರಡು ಸಲ ಬ್ರಶ್ ಆಡಿಸಿದರೆ ಸಾಕಿತ್ತು.

ಮಳೆ ಶುರುವಾಗಿ ಎರಡು ವಾರ ಆಗಿರಬಹುದು. ಒಂದು ಸಂಜೆ ಕಿವಿಯ ಹಿಂದೆ ತುರಿಸಲು ಕೈ ಹಾಕಿದೆ. ಬೆರಳು ಒಳಗೆ ಹೋಗಲೇ ಇಲ್ಲ. ಮೇಲೆ ರೇಷ್ಮೆ, ಅಡಿಯಲ್ಲಿ ತೆಂಗಿನ ನಾರಿನ ಕಾಲೊರಸು. ಕಂಕುಳಲ್ಲಿ ನೋಡಿದರೆ ಅಲ್ಲೂ ಅದೇ. ಗಾಬರಿಯಲ್ಲಿ ಅವಳನ್ನು ಬಚ್ಚಲಿಗೆ ಎಳೆದುಕೊಂಡು ಹೋಗಿ ಸ್ನಾನ ಮಾಡಿಸಿದೆ. ಬೈರಾಸಿನಲ್ಲಿ ಚೆನ್ನಾಗಿ ತಿಕ್ಕಿದೆ. ಗಂಟು ಕಲ್ಲಾಯಿತು. ಆಮೇಲೆ ಕತ್ತರಿ ತಗೊಂಡೆ. ಗಂಟಿನ ಜೊತೆ ಕಂಕುಳ ಚರ್ಮವೂ ಕತ್ತರಿಯ ಬಾಯಿಗೆ ಸಿಕ್ಕಿತು. ಎರಡು ಹೊಲಿಗೆ ಬಿತ್ತು. ಹೊಲಿಗೆ ಹಾಕಿದ ಡಾಕ್ಟರು ಬೈಯಲಿಲ್ಲ, "ವಾರಕ್ಕೆ ಒಂದು ಕೇಸ್ ಹೀಗೆ ಬರ್ತದೆ" ಅಂದರು ಅಷ್ಟೆ.

ಸ್ನಾನ, ತಿಕ್ಕಾಟ, ಕತ್ತರಿ. ಮೂರೂ ತಪ್ಪು. ಸರಿಯಾದ ದಾರಿ ಕಲಿಯಲು ನನಗೆ ನಾಲ್ಕು ತಿಂಗಳು ಹಿಡಿಯಿತು.

ಈ ವಯಸ್ಸಿನಲ್ಲೇ ಯಾಕೆ?

ಡೂಡಲ್ ಮರಿಗಳಿಗೆ ಸುಮಾರು 6ರಿಂದ 12 ತಿಂಗಳ ನಡುವೆ ಮರಿಗೂದಲು ಹೋಗಿ ದೊಡ್ಡ ನಾಯಿಯ ಕೂದಲು ಬರುತ್ತದೆ. ಕೆಲವಕ್ಕೆ ತಡವಾಗಿ ಶುರುವಾಗಿ ಒಂದೂವರೆ ವರ್ಷದವರೆಗೂ ಎಳೆಯುತ್ತದೆ. ಬೇರೆ ನಾಯಿಗಳಲ್ಲಿ ಹಳೇ ಕೂದಲು ಉದುರಿ ಸೋಫಾ ಮೇಲೆ ಬೀಳುತ್ತದೆ. ಇವುಗಳಲ್ಲಿ ಉದುರುತ್ತದೆ, ಆದರೆ ಕೆಳಗೆ ಬೀಳುವುದಿಲ್ಲ. ಹೊಸ ಗುಂಗುರು ಕೂದಲಿನ ನಡುವೆ ಸಿಕ್ಕಿಹಾಕಿಕೊಳ್ಳುತ್ತದೆ. ಗೋಲ್ಡನ್‌ನ ಹಾಗೆ ಉದುರುವ ಮೆತ್ತನೆಯ ಒಳಗೂದಲು, ಪೂಡಲ್‌ನ ಹಾಗೆ ಕಚ್ಚಿ ಹಿಡಿಯುವ ಸುರುಳಿ. ಎರಡೂ ಒಂದೇ ಮೈಮೇಲೆ. "ಇದರ ಕೂದಲು ಉದುರುವುದೇ ಇಲ್ಲ ಮೇಡಂ" ಅಂತ ಮಾರುವವರು ಹೇಳುವುದರ ಇನ್ನೊಂದು ಮುಖ ಇದು.

ಎಲ್ಲ ಡೂಡಲ್‌ಗೂ ಒಂದೇ ಥರ ಕೂದಲು ಬರುತ್ತದೆ ಅಂತ ಅಂದುಕೊಳ್ಳಬೇಡಿ. 1989ರಲ್ಲಿ ಆಸ್ಟ್ರೇಲಿಯಾದ ವಾಲಿ ಕಾನ್ರನ್ ಅನ್ನುವವರು ಲ್ಯಾಬ್ರಡಾರ್ ಮತ್ತು ಪೂಡಲ್ ಸೇರಿಸಿ ಮರಿ ಮಾಡಿಸಿದರು. ಹವಾಯಿಯ ಒಬ್ಬ ದೃಷ್ಟಿಹೀನ ಮಹಿಳೆಗೆ ದಾರಿ ತೋರಿಸುವ ನಾಯಿ ಬೇಕಿತ್ತು, ಅವರ ಗಂಡನಿಗೋ ನಾಯಿ ಕೂದಲು ಅಂದರೆ ಅಲರ್ಜಿ. ಹುಟ್ಟಿದ ಮೂರು ಮರಿಗಳಲ್ಲಿ ಆ ಗಂಡನಿಗೆ ಒಗ್ಗಿದ್ದು ಒಂದೇ ಒಂದು. ಒಂದೇ ಸೂಲಿನ ಮರಿಗಳ ಕತೆಯೇ ಹೀಗೆ. ಹಾಗಾಗಿ ಪಕ್ಕದ ಮನೆಯ ಡೂಡಲ್‌ಗೆ ವಾರಕ್ಕೊಂದು ಸಲ ಬಾಚಿದರೆ ಸಾಕಾಗುತ್ತದೆ ಅಂತ ನಿಮ್ಮದಕ್ಕೂ ಸಾಕಾಗಬೇಕೆಂದಿಲ್ಲ.

ಗಂಟು ಕಟ್ಟಲು ಬಿಡಿಗೂದಲು, ತೇವ, ಉಜ್ಜಾಟ ಸೇರಬೇಕು. ಮಂಗಳೂರು, ಉಡುಪಿ ಕಡೆ ವರ್ಷಕ್ಕೆ 3500 ಮಿಲಿಮೀಟರಿಗಿಂತ ಜಾಸ್ತಿ ಮಳೆ. ಅದರಲ್ಲಿ ಮುಕ್ಕಾಲಿಗೂ ಹೆಚ್ಚು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಹಗ್ಗದ ಮೇಲಿನ ಬಟ್ಟೆಯೇ ಮೂರು ದಿನ ಒಣಗದ ಊರಿನಲ್ಲಿ ನಾಯಿಯ ಒಳಗೂದಲು ತನ್ನಷ್ಟಕ್ಕೆ ಒಣಗುತ್ತದೆಯೇ?

ಏನೇನು ಬೇಕು

ಜಾಸ್ತಿ ಏನಿಲ್ಲ. ಬಾಗಿದ ಸಣ್ಣ ತಂತಿಗಳಿರುವ ಸ್ಲಿಕರ್ ಬ್ರಶ್ ಒಂದು. ತಂತಿ ಉದ್ದ ಇರಲಿ, ಗಿಡ್ಡ ತಂತಿ ದಪ್ಪ ಕೂದಲಿನ ಬುಡ ಮುಟ್ಟುವುದಿಲ್ಲ. ಸ್ಟೀಲ್ ಬಾಚಣಿಗೆ ಒಂದು, ಅರ್ಧ ಭಾಗ ಅಗಲ ಹಲ್ಲು, ಅರ್ಧ ಭಾಗ ಒತ್ತು ಹಲ್ಲು ಇರುವಂಥದ್ದು. ಒಂದು ಸ್ಪ್ರೇ ಬಾಟಲಿ. ಅದರಲ್ಲಿ ಒಂದು ಲೋಟ ನೀರಿಗೆ ಒಂದು ಚಮಚ ನಾಯಿ ಕಂಡೀಶನರ್ ಕಲಸಿಡಿ, ಎರಡು ಮೂರು ದಿನಕ್ಕೆ ಚೆಲ್ಲಿ ಹೊಸದು ಮಾಡಿ. ಸ್ವಲ್ಪ ಕಾರ್ನ್‌ಫ್ಲೋರ್. ಒಂದು ಡ್ರೈಯರ್. ಬ್ಲೇಡ್ ಇರುವ ಗಂಟು ಕತ್ತರಿಸುವ ಬಾಚಣಿಗೆಗಳೂ ಸಿಗುತ್ತವೆ, ಕೈ ಪಳಗದವರು ಅದರ ತಂಟೆಗೆ ಹೋಗದಿರುವುದು ಒಳ್ಳೆಯದು.

ಹೊಸ ಸ್ಲಿಕರ್ ತಂದ ದಿನ ಮೊದಲು ನಿಮ್ಮ ಮುಂಗೈ ಮೇಲೆ ಎಳೆದು ನೋಡಿ. ಎಷ್ಟು ಒತ್ತಿದರೆ ಉರಿಯುತ್ತದೆ ಅಂತ ಗೊತ್ತಾಗುತ್ತದೆ. ಒಂದೇ ಜಾಗದಲ್ಲಿ ಹತ್ತಾರು ಸಲ ಎಳೆದರೆ ನಾಯಿಯ ಚರ್ಮ ಕೆಂಪಾಗಿ ತರಚುತ್ತದೆ.

ಇನ್ನು ತೆಂಗಿನೆಣ್ಣೆ ವಿಷಯ. ನಮ್ಮಲ್ಲಿ ಯಾವ ಸಮಸ್ಯೆಗೂ ಮೊದಲ ಮದ್ದು ಅದೇ ಅಲ್ವಾ? "ಒಂಚೂರು ತೆಂಗಿನೆಣ್ಣೆ ಹಚ್ಚು ಮಾರಾಯ್ತಿ, ತನ್ನಷ್ಟಕ್ಕೆ ಜಾರ್ತದೆ" ಅಂತ ನಮ್ಮ ಅತ್ತೆ ಹೇಳಿದರು. ಸಣ್ಣ ಸಿಕ್ಕಿಗೆ ಬೆರಳ ತುದಿಯಷ್ಟು ಹಚ್ಚಿದರೆ ಜಾರುವುದು ನಿಜವೇ. ಆದರೆ ಆ ಮೇಲೆ ಶಾಂಪೂ ಹಾಕಿ ತೊಳೆಯಲೇ ಬೇಕು. ಇಲ್ಲದಿದ್ದರೆ ಅಂಗಳದ ಕೆಂಪುಮಣ್ಣೆಲ್ಲ ಅಲ್ಲೇ ಅಂಟುತ್ತದೆ, ನಾಯಿ ನೆಕ್ಕಿ ನೆಕ್ಕಿ ಮತ್ತೆ ಗಂಟು ಮಾಡಿಕೊಳ್ಳುತ್ತದೆ. ನಾನು ಎಣ್ಣೆ ಬಿಟ್ಟೆ. ಅತ್ತೆಗೆ ಈಗಲೂ ಒಪ್ಪಿಗೆ ಇಲ್ಲ. ಟೀ ಟ್ರೀ ಎಣ್ಣೆಯನ್ನಂತೂ ಹತ್ತಿರ ತರಬೇಡಿ, ಅದು ನಾಯಿಗೆ ವಿಷ.

ಮೊದಲು ಕೈಯಲ್ಲಿ ಹುಡುಕಿ

ಬಾಚುವ ಮೊದಲು ಬೆರಳುಗಳನ್ನು ಚರ್ಮದವರೆಗೆ ಇಳಿಸಿ ಮೈಯೆಲ್ಲ ತಡವಿ. ಗಂಟು ಹೆಚ್ಚಾಗಿ ಉಜ್ಜುವ ಜಾಗದಲ್ಲೇ ಇರುತ್ತದೆ. ಕಿವಿಯ ಹಿಂದೆ, ಕೊರಳಪಟ್ಟಿಯ ಅಡಿ, ಹಾರ್ನೆಸ್ (ಎದೆಗೆ ಕಟ್ಟುವ ಪಟ್ಟಿ) ಕೂರುವಲ್ಲಿ, ಕಂಕುಳು, ತೊಡೆಸಂದು, ಹಿಂಗಾಲಿನ ಹಿಂಬದಿ, ಬಾಲದ ಬುಡ, ಬೆರಳುಗಳ ನಡುವೆ. ಊಟದ ನಂತರ ಒದ್ದೆಯಾಗುವ ಗಡ್ಡವನ್ನೂ ಮರೆಯಬೇಡಿ. ಮನೆಯೊಳಗೆ ಇರುವಾಗ ಕೊರಳಪಟ್ಟಿ, ಹಾರ್ನೆಸ್ ಬಿಚ್ಚಿಡಿ. ಇದೊಂದೇ ಬದಲಾವಣೆಯಿಂದ ಗೋಳಿಯ ಕುತ್ತಿಗೆಯ ಗಂಟು ಅರ್ಧ ಕಡಿಮೆ ಆಯಿತು. ಮಳೆಗೆ ತೊಡಿಸುವ ರೇನ್‌ಕೋಟ್ ಕೂಡ ಕಂಕುಳಲ್ಲಿ ಉಜ್ಜುತ್ತದೆ. ಮನೆಗೆ ಬಂದ ಕೂಡಲೇ ಬಿಚ್ಚಿ.

ಬೈತಲೆ ತೆಗೆದು ಬಾಚುವುದು

ಎಲ್ಲಕ್ಕಿಂತ ಮುಖ್ಯವಾದದ್ದು ಇದು. ಮೇಲಿನಿಂದ ಕೆಳಗೆ ಸುಮ್ನೆ ಬ್ರಶ್ ಆಡಿಸುತ್ತ ಹೋದರೆ ಮೇಲಿನ ಒಂದು ಇಂಚು ಮಾತ್ರ ನುಣ್ಣಗಾಗುತ್ತದೆ. ಅಡಿಯಲ್ಲಿ ಕಂಬಳಿ ನೇಯುತ್ತ ಇರುತ್ತದೆ. ನಾನು ಮೂರು ತಿಂಗಳು ಮಾಡಿದ್ದು ಅದನ್ನೇ, ಮಾಡಿ ಫೋಟೋ ಬೇರೆ ತೆಗೆಯುತ್ತಿದ್ದೆ.

ನಾಯಿಯನ್ನು ಒಂದು ಮಗ್ಗುಲಿಗೆ ಮಲಗಿಸಿ. ಹಿಂಗಾಲಿನ ಕೆಳತುದಿಯಿಂದ ಶುರು ಮಾಡಿ. ಒಂದು ಕೈಯಿಂದ ಕೂದಲನ್ನು ಮೇಲಕ್ಕೆ ಎತ್ತಿ ಹಿಡಿಯಿರಿ. ಕೆಳಗೆ ತಲೆಗೂದಲಿಗೆ ತೆಗೆಯುವ ಹಾಗೆ ಒಂದು ಬೈತಲೆ ಮೂಡಬೇಕು, ಚರ್ಮದ ಬಿಳಿ ಗೆರೆ ಕಣ್ಣಿಗೆ ಕಾಣಬೇಕು. ಆ ಗೆರೆಗೆ ಸ್ವಲ್ಪ ಸ್ಪ್ರೇ ಹೊಡೆಯಿರಿ. ಒಣಗೂದಲು ಎಳೆದರೆ ತುಂಡಾಗುತ್ತದೆ. ಈಗ ಗೆರೆಯ ಕೆಳಗಿನ ತೆಳು ಪದರವನ್ನು ಮಾತ್ರ ಬುಡದಿಂದ ತುದಿಗೆ ಸ್ಲಿಕರ್‌ನಲ್ಲಿ ಬಾಚಿ. ಹಗುರವಾಗಿ, ಗಿಡ್ಡ ಗಿಡ್ಡ ಎಳೆತ. ಆಯಿತೋ, ಎತ್ತಿ ಹಿಡಿದ ಕೂದಲಿನಿಂದ ಅರ್ಧ ಇಂಚು ಕೆಳಗೆ ಬಿಡಿ. ಹೊಸ ಬೈತಲೆ. ಮತ್ತೆ ಬಾಚಿ. ಹೀಗೆ ಗೆರೆ ಗೆರೆಯಾಗಿ ಬೆನ್ನಿನವರೆಗೆ ಹತ್ತಿ.

ಒಂದು ಕಾಲು ಮುಗಿದ ಮೇಲೆ ಸ್ಟೀಲ್ ಬಾಚಣಿಗೆಯನ್ನು ಚರ್ಮಕ್ಕೆ ತಾಗಿಸಿ ತುದಿಯವರೆಗೆ ಎಳೆಯಿರಿ. ಮೊದಲು ಅಗಲ ಹಲ್ಲು, ಆಮೇಲೆ ಒತ್ತು ಹಲ್ಲು. ತಡೆಯಿಲ್ಲದೆ ಹೊರಗೆ ಬಂದರೆ ಆ ಕಾಲು ಮುಗಿಯಿತು. ಎಲ್ಲಾದರೂ ನಿಂತರೆ ಅಲ್ಲಿ ಸಿಕ್ಕು ಉಂಟು. ಬ್ರಶ್ ಮಾಡಿ ಆಯಿತು ಅನ್ನುವುದನ್ನು ಬ್ರಶ್ ತೀರ್ಮಾನಿಸುವುದಲ್ಲ, ಬಾಚಣಿಗೆ ತೀರ್ಮಾನಿಸಬೇಕು.

ಇಡೀ ಮೈ ಒಂದೇ ದಿನ ಆಗಬೇಕೆಂದಿಲ್ಲ. ನಾವು ದಿನಕ್ಕೆ 15 ನಿಮಿಷ ಇಟ್ಟುಕೊಂಡಿದ್ದೆವು. ಒಂದು ದಿನ ಹಿಂಗಾಲು, ಮರುದಿನ ಮುಂಗಾಲು, ಅದರ ಮರುದಿನ ಹೊಟ್ಟೆ ಮತ್ತು ಬೆನ್ನು. ಕಿವಿ, ಕಂಕುಳು ಮಾತ್ರ ದಿನಾ. ಕೂದಲು ಬದಲಾಗುವ ಹೊತ್ತಿನಲ್ಲಿ ಎರಡು ದಿನ ಬಿಟ್ಟರೆ ಮೂರನೇ ದಿನ ಬೆಲೆ ತೆರಬೇಕಾಗುತ್ತದೆ.

ಗಂಟು ಸಿಕ್ಕಿದರೆ

ಮಲ್ಪೆ ಬಂದರಿನಲ್ಲಿ ಬಲೆ ಬಿಡಿಸುತ್ತ ಕೂತವರನ್ನು ನೋಡಿದ್ದೀರಾ? ಯಾರೂ ನಡುವೆ ಹಿಡಿದು ಜಗ್ಗುವುದಿಲ್ಲ. ಅಂಚಿನಿಂದ ಒಂದೊಂದೇ ಎಳೆ ಬಿಡಿಸುತ್ತಾರೆ. ಗಂಟಿಗೂ ಅದೇ ಕ್ರಮ.

ಗಂಟಿನ ಮೇಲೆ ಚಿಟಿಕೆ ಕಾರ್ನ್‌ಫ್ಲೋರ್ ಹಾಕಿ ಬೆರಳಲ್ಲಿ ತಿಕ್ಕಿ. ಎಳೆಗಳು ಒಂದರ ಮೇಲೊಂದು ಜಾರಲು ಅದು ಸಹಾಯ ಮಾಡುತ್ತದೆ. ಎಡಗೈಯ ಎರಡು ಬೆರಳಿನಿಂದ ಗಂಟಿನ ಬುಡವನ್ನು, ಚರ್ಮದ ಪಕ್ಕದಲ್ಲೇ, ಬಿಗಿಯಾಗಿ ಹಿಡಿಯಿರಿ. ಅಮ್ಮ ನಿಮ್ಮ ಜಡೆ ಸಿಕ್ಕು ಬಿಡಿಸುವಾಗ ಬುಡ ಹಿಡಿಯುತ್ತಿದ್ದರಲ್ಲ, ಹಾಗೆ. ಎಳೆತ ನಿಮ್ಮ ಬೆರಳಿಗೆ ಬೀಳಬೇಕು, ಚರ್ಮಕ್ಕಲ್ಲ. ಬಲಗೈ ಬೆರಳಿನಿಂದ ಗಂಟನ್ನು ಅಡ್ಡಡ್ಡ ಹಿಗ್ಗಿಸಿ ಎರಡು ಮೂರು ಸಣ್ಣ ಗಂಟು ಮಾಡಿ. ಬಾಚಣಿಗೆಯ ಕೊನೆಯ ಒಂದು ಹಲ್ಲಿನಿಂದ ತುದಿಯ ಕೂದಲು ಕೆದರುತ್ತ ಬುಡದ ಕಡೆ ಬನ್ನಿ.

ಐದು ನಿಮಿಷದಲ್ಲಿ ಬಿಡಲಿಲ್ಲವೋ, ನಿಲ್ಲಿಸಿ. ಆ ಒಂದು ಗಂಟು ಕತ್ತರಿಸಿದರೆ ಲೋಕ ಮುಳುಗುವುದಿಲ್ಲ. ಆದರೆ ಕತ್ತರಿ ಬೇಡ. ನಾಯಿಯ ಚರ್ಮ ತೆಳು, ಸಡಿಲ. ಗಂಟು ಎಳೆದ ಕೂಡಲೇ ಚರ್ಮವೂ ಡೇರೆಯ ಹಾಗೆ ಮೇಲೆದ್ದು ಬರುತ್ತದೆ. ಎಲ್ಲಿ ಕೂದಲು ಮುಗಿದು ಎಲ್ಲಿ ಚರ್ಮ ಶುರು ಅಂತ ಕಣ್ಣಿಗೂ ಕೈಗೂ ಗೊತ್ತಾಗುವುದಿಲ್ಲ. ಕಂಕುಳಲ್ಲಂತೂ ಇನ್ನೂ ಕಷ್ಟ. ಕ್ಲಿಪ್ಪರ್‌ಗೆ (ಕೂದಲು ಕತ್ತರಿಸುವ ಯಂತ್ರ) 10 ನಂಬರಿನ ಬ್ಲೇಡ್ ಹಾಕಿ, ಚರ್ಮವನ್ನು ಬಿಗಿ ಹಿಡಿದು, ಗಂಟಿನ ಅಡಿಯಿಂದ ಮೆಲ್ಲಗೆ ಸರಿಸಬೇಕು. ಅದು ಸುಮಾರು ಒಂದೂವರೆ ಮಿಲಿಮೀಟರ್ ಉಳಿಸುತ್ತದೆ. ದೊಡ್ಡ ಹಲ್ಲಿನ ಬ್ಲೇಡ್‌ನಲ್ಲಿ ಕೂದಲು ಜಾಸ್ತಿ ಉಳಿಯಬಹುದು, ಆದರೆ ಹಲ್ಲುಗಳ ನಡುವೆ ಚರ್ಮ ಸಿಕ್ಕಿಕೊಳ್ಳುವ ಭಯವೂ ಜಾಸ್ತಿ. ಬ್ಲೇಡ್ ಬೇಗ ಬಿಸಿಯಾಗುತ್ತದೆ. ಎರಡು ಮೂರು ನಿಮಿಷಕ್ಕೊಮ್ಮೆ ಕೈಗೆ ತಾಗಿಸಿ ನೋಡಿ.

ಸ್ನಾನ, ಮತ್ತು ಒಣಗಿಸುವ ತಲೆನೋವು

ಬಾಚದೆ ಸ್ನಾನ ಇಲ್ಲ. ಇದನ್ನು ಬಚ್ಚಲ ಬಾಗಿಲ ಮೇಲೆ ಬರೆದಿಡಬಹುದು. ನೀರು ಬಿದ್ದು ಒಣಗುವಾಗ ಗಂಟು ಬಿಗಿಯುತ್ತದೆ, ಒಳಗೆ ಸಿಕ್ಕಿದ ಶಾಂಪೂ ಹೊರಗೆ ಬರುವುದೂ ಇಲ್ಲ. ಮೊದಲು ಬಾಚಣಿಗೆ ಸಲೀಸಾಗಿ ಓಡಬೇಕು, ಆಮೇಲೆ ನೀರು. ಶಾಂಪೂವನ್ನು ಉರುಟುರುಟಾಗಿ ತಿಕ್ಕಬೇಡಿ, ಕೂದಲು ಹೋಗುವ ದಿಕ್ಕಿಗೆ ಸವರಿ. ಕಂಡೀಶನರ್ ಬಿಡಬೇಡಿ. ಬೈರಾಸಿನಲ್ಲಿ ಒತ್ತಿ ಒತ್ತಿ ನೀರು ತೆಗೆಯಿರಿ.

ನಾವು ಮಾಡುವ ದೊಡ್ಡ ತಪ್ಪು ಆಮೇಲಿನದು. ಫ್ಯಾನ್ ಹಾಕಿ ನಾಯಿಯನ್ನು ಅದರ ಪಾಡಿಗೆ ಬಿಡುತ್ತೇವೆ. ಜುಲೈ ತಿಂಗಳ ಉಡುಪಿಯಲ್ಲಿ ಫ್ಯಾನ್ ಗಾಳಿ ಅಂದರೆ ಒದ್ದೆ ಗಾಳಿಯನ್ನೇ ತಿರುಗಿಸುವುದು. ಮೇಲೆ ಒಣಗಿದ ಹಾಗೆ ಕಂಡರೂ ಬುಡದಲ್ಲಿ ರಾತ್ರಿಯವರೆಗೂ ತೇವ ಇರುತ್ತದೆ. ಅದರ ಮೇಲೆ ಮಲಗಿ, ಹೊರಳಿ, ಬೆಳಿಗ್ಗೆ ಏಳುವಾಗ ಕಂಬಳಿ ತಯಾರು. ಡ್ರೈಯರನ್ನು ಕಡಿಮೆ ಬಿಸಿಗೆ ಇಟ್ಟು, ಒಂದು ಅಡಿ ದೂರದಿಂದ, ಗಾಳಿ ಬಿದ್ದಲ್ಲೇ ಸ್ಲಿಕರ್ ಆಡಿಸುತ್ತ ಒಣಗಿಸಿ. ನಿಮ್ಮ ಕೈ ಗಾಳಿಯ ದಾರಿಯಲ್ಲೇ ಇರಲಿ, ನಿಮಗೆ ಸುಟ್ಟರೆ ಅದಕ್ಕೂ ಸುಡುತ್ತದೆ. ಮನುಷ್ಯರ ಡ್ರೈಯರ್‌ನಲ್ಲಿ ಗೋಳಿಗೆ ಒಂದೂವರೆ ಗಂಟೆ ಬೇಕಿತ್ತು. ನಾಯಿಗೆಂದೇ ಇರುವ ಜೋರು ಗಾಳಿಯ ಬ್ಲೋವರ್ ತಂದ ಮೇಲೆ ಅರ್ಧ ಗಂಟೆ. ಅದು ಬಿಡಿಗೂದಲನ್ನೂ ಹೊರಗೆ ಹಾರಿಸುತ್ತದೆ, ಹಾಗಾಗಿ ಅಂಗಳದಲ್ಲೋ ಜಗಲಿಯಲ್ಲೋ ಮಾಡಿ. ಮತ್ತೆ, ಗಾಳಿಮಳೆ ಇರುವ ದಿನ ಸ್ನಾನ ಇಟ್ಟುಕೊಳ್ಳಬೇಡಿ. ಅರ್ಧ ಒಣಗಿದ ನಾಯಿ, ಕರೆಂಟಿಲ್ಲದ ಮನೆ. ನಾನು ಅನುಭವಿಸಿ ಆಗಿದೆ.

ಮಳೆಗಾಲದಲ್ಲಿ ಪೂರ್ತಿ ಸ್ನಾನ ಮೂರು ನಾಲ್ಕು ವಾರಕ್ಕೊಮ್ಮೆ ಸಾಕು. ದಿನಾ ಹೊರಗೆ ಹೋಗಿ ಬಂದಾಗ ಕಾಲು ಮತ್ತು ಹೊಟ್ಟೆಯ ಕೆಳಭಾಗ ತೊಳೆದು, ಅಷ್ಟನ್ನೇ ಒಣಗಿಸಿ.

ಮಲ್ಪೆ, ಕಾಪು, ಪಣಂಬೂರು ಕಡೆ ಸಮುದ್ರಕ್ಕೆ ಕರೆದುಕೊಂಡು ಹೋಗುವವರು ಹೋಗುವ ಮೊದಲೇ ಬಾಚಿ. ಉಪ್ಪುನೀರು ಕೂದಲನ್ನು ಒರಟು ಮಾಡುತ್ತದೆ, ಮರಳು ಬುಡದಲ್ಲಿ ಕೂರುತ್ತದೆ. ಅದೇ ದಿನ ಸಿಹಿನೀರಿನಲ್ಲಿ ತೊಳೆಯಬೇಕು. ಮಳೆ ಮುಗಿದ ಮೇಲೆ ಉತ್ತರಣೆ ಬೀಜದ ಕಾಟ ಬೇರೆ. ಮನೆಗೆ ಬಂದ ಕೂಡಲೇ ಕೈಯಲ್ಲೇ ಹೆಕ್ಕಿ. ಒಂದೊಂದು ಬೀಜವೂ ಒಂದೊಂದು ಗಂಟಿನ ಮೊಳಕೆ.

ಗಿಡ್ಡ ಮಾಡಿಸಿ, ನಾಚಿಕೆ ಬೇಡ

ಇಲ್ಲಿ ನನ್ನ ಅಭಿಪ್ರಾಯ ಖಡಕ್ಕಾಗಿ ಹೇಳುತ್ತೇನೆ. ನಮ್ಮ ಕರಾವಳಿಯಲ್ಲಿ, ಕೂದಲು ಬದಲಾಗುವ ವರ್ಷ, ಟೆಡ್ಡಿ ಬೇರ್ ಥರದ ಉದ್ದ ಕೂದಲಿನ ಆಸೆ ಬಿಡಿ. ಮೇ ಕೊನೆಗೆ ಮಳೆ ಬರುವ ಮೊದಲೇ ಮೈಮೇಲೆ ಒಂದರಿಂದ ಒಂದೂವರೆ ಸೆಂಟಿಮೀಟರ್ ಉಳಿಸಿ ಕತ್ತರಿಸಿ. ಆಮೇಲೆ ನಾಲ್ಕರಿಂದ ಆರು ವಾರಕ್ಕೊಮ್ಮೆ. ಮುಖ, ಬಾಲ ಬೇಕಾದರೆ ಉದ್ದ ಇರಲಿ, ಚಂದಕ್ಕೆ. ಕಂಕುಳು, ತೊಡೆಸಂದು, ಪಾದದ ಅಡಿ ಮಾತ್ರ ತೀರಾ ಗಿಡ್ಡ. ಅಲ್ಲಿ ಕೂದಲಿಲ್ಲ ಅಂತ ಯಾರೂ ಬಗ್ಗಿ ನೋಡುವುದಿಲ್ಲ.

ಗ್ರೂಮರ್ ಹತ್ತಿರ "ಸ್ವಲ್ಪ ಟ್ರಿಮ್ ಮಾಡಿ" ಅಂತ ಹೇಳಬೇಡಿ. ಆ "ಸ್ವಲ್ಪ" ನಿಮಗೊಂದು, ಅವರಿಗೊಂದು. ಎಷ್ಟು ಮಿಲಿಮೀಟರ್ ಉಳಿಯಬೇಕು ಅಂತ ಹೇಳಿ. ಬಾಚಣಿಗೆ ಎಲ್ಲೆಲ್ಲಿ ನಿಲ್ಲುತ್ತದೆ ಅಂತ ತೋರಿಸಿ. ಹಾಗೇ, ಗಂಟು ತುಂಬಿದ ನಾಯಿ ಕೊಟ್ಟು "ಉದ್ದ ಬಿಡಿ" ಅಂದರೆ ಅವರೇನು ಮಾಡಿಯಾರು? ಬ್ಲೇಡ್ ಗಂಟಿನ ಅಡಿಯಿಂದ ಮಾತ್ರ ಹೋಗಲು ಸಾಧ್ಯ, ಮೇಲಿನಿಂದ ಹೋಗದು.

ಮೈತುಂಬ ಒಂದೇ ಹಾಳೆಯ ಹಾಗೆ ಜಡೆಗಟ್ಟಿ ಎಲ್ಲೂ ಚರ್ಮ ಕಾಣದಿದ್ದರೆ ಬಿಡಿಸಲು ಕೂರಬೇಡಿ. ಗಂಟೆಗಟ್ಟಲೆ ಎಳೆದಾಡಿದರೆ ನಾಯಿ ಜೀವಮಾನವಿಡೀ ಬ್ರಶ್ ಕಂಡರೆ ಮಂಚದಡಿಗೆ ಓಡುತ್ತದೆ. ಪೂರ್ತಿ ಬೋಳಿಸಿ. ಎರಡು ಮೂರು ತಿಂಗಳಲ್ಲಿ ಕೂದಲು ಮತ್ತೆ ಬರುತ್ತದೆ. ಬೋಳಿಸಿದ ಮೇಲೆ ಒಂದೆರಡು ವಾರ ಮಧ್ಯಾಹ್ನದ ಬಿಸಿಲಿಗೆ ಬಿಡಬೇಡಿ. ಕಿವಿಯಲ್ಲಿ ಬಿಗಿ ಗಂಟು ಇದ್ದಿದ್ದರೆ ಅದನ್ನು ತೆಗೆದ ಮೇಲೆ ಎರಡು ದಿನ ಗಮನಿಸಿ. ನಾಯಿ ತಲೆ ಜೋರಾಗಿ ಒದರಿ ಒದರಿ ಕಿವಿಯೊಳಗೆ ರಕ್ತ ಶೇಖರವಾಗಿ ಕಿವಿ ದಿಂಬಿನ ಹಾಗೆ ಊದಿಕೊಳ್ಳುವುದುಂಟು. ಊದಿದರೆ ಅದೇ ದಿನ ಡಾಕ್ಟರ ಹತ್ತಿರ ಹೋಗಿ.

ಇನ್ನು ಕೆಲವಕ್ಕೂ ತಡ ಮಾಡಬಾರದು. ಗಂಟಿನ ಅಡಿ ಚರ್ಮ ಕೆಂಪಾಗಿ ಒಸರುತ್ತಿದ್ದರೆ, ಹುಳಿ ವಾಸನೆ ಬಂದರೆ, ಒಂದೇ ಜಾಗ ಬಿಡದೆ ನೆಕ್ಕುತ್ತಿದ್ದರೆ. ಮಳೆಗಾಲದಲ್ಲಿ ಒದ್ದೆ ಹುಣ್ಣಿನ ಮೇಲೆ ನೊಣ ಮೊಟ್ಟೆ ಇಟ್ಟರೆ ಒಂದು ದಿನದಲ್ಲೇ ಹುಳ ಆಗಬಹುದು. ಜಡೆಯ ಕೆಳಗೆ ಅದು ಕಾಣುವುದೇ ಇಲ್ಲ. ಉಣ್ಣಿಗೂ ಜಡೆಗಿಂತ ಒಳ್ಳೆಯ ಅಡಗುತಾಣ ಬೇರೆ ಇಲ್ಲ, ಉಣ್ಣಿ ಜ್ವರ ನಮ್ಮ ಕಡೆ ಹೊಸತೂ ಅಲ್ಲ.

ನಾಯಿ ಒಪ್ಪಬೇಕಲ್ಲ

ಕೂದಲು ಬದಲಾಗುವ ಹೊತ್ತಿಗೇ ಮರಿಗೆ ಹರೆಯವೂ ಬರುತ್ತದೆ. ನಿನ್ನೆ ಸುಮ್ಮನೆ ಮಲಗಿದ್ದ ನಾಯಿ ಇವತ್ತು ಬ್ರಶ್ ಕಚ್ಚಿಕೊಂಡು ಓಡುತ್ತದೆ. ದಿನಾ ಒಂದೇ ಹೊತ್ತು, ಒಂದೇ ಜಾಗ ಮಾಡಿ. ನಮ್ಮದು ಸಂಜೆ ವಾಕಿಂಗ್ ಮುಗಿದ ಮೇಲೆ, ಜಗಲಿಯ ಗೋಣಿಚೀಲದ ಮೇಲೆ. ಮೊದಮೊದಲು ಎರಡು ನಿಮಿಷ ಬಾಚಿ ಬಿಟ್ಟುಬಿಡಿ, ನಿಧಾನವಾಗಿ ಹೆಚ್ಚಿಸಿ. ಮೊಸರನ್ನು ಒಂದು ತಟ್ಟೆಗೆ ಸವರಿ ಮುಂದಿಟ್ಟರೆ ನೆಕ್ಕುತ್ತ ಕೂರುತ್ತದೆ. ಗೋಳಿಗೆ ಮೊಸರು ಸಾಲದು. ಉಪ್ಪು ಖಾರ ಹಾಕದೆ ಬೇಯಿಸಿ ಮುಳ್ಳು ತೆಗೆದ ಬೂತಾಯಿ ಮೀನಿನ ಚೂರು ಕಂಡರೆ ಮಾತ್ರ ಕಂಕುಳು ಎತ್ತಿ ಕೊಡುತ್ತಾಳೆ. ಬೈತಲೆ ತೆಗೆದು ಬಾಚುವ ಮೊದಲೂ ಆಮೇಲೂ ಸುಲಭದ ಬೆನ್ನಿನ ಮೇಲೆ ಒಂದೆರಡು ಸಲ ಬ್ರಶ್ ಆಡಿಸಿ, ಕಷ್ಟದ ಜಾಗ ನಡುವೆ ಇರಲಿ. ಸಿಟ್ಟು ಬಂದ ದಿನ ಬ್ರಶ್ ಕೆಳಗಿಡಿ. ಸಿಟ್ಟು ಯಾರಿಗೇ ಬಂದಿರಲಿ.

ಬಾಚಣಿಗೆಗೆ ಬಂದ ಕೂದಲನ್ನು ಅಂಗಳಕ್ಕೆ ಎಸೆಯಬೇಡಿ. ಗುಬ್ಬಿಯೋ ಪಿಕಳಾರವೋ ಗೂಡಿಗೆ ಒಯ್ಯುತ್ತವೆ, ಉಣ್ಣಿಯ ಮದ್ದು ಹಾಕಿದ ಕೂದಲು ಅವುಗಳ ಮರಿಗೆ ಒಳ್ಳೆಯದಲ್ಲ. ನಾನು ಒಂದು ಡಬ್ಬದಲ್ಲಿ ಹಾಕುತ್ತಿದ್ದೆ. ಜುಲೈನಲ್ಲಿ ಡಬ್ಬ ನಾಲ್ಕು ದಿನಕ್ಕೆ ತುಂಬುತ್ತಿತ್ತು. ಅಕ್ಟೋಬರ್ ಕೊನೆಗೆ ಎರಡು ವಾರವಾದರೂ ಅರ್ಧ ಆಗಲಿಲ್ಲ. ಬೆನ್ನಿನ ಕೂದಲು ಮುಟ್ಟಿದರೆ ಹತ್ತಿಯ ಹಾಗಿದ್ದದ್ದು ಸ್ವಲ್ಪ ಬಿರುಸಾಗಿ, ಸುರುಳಿ ಎದ್ದು ಕಾಣುತ್ತಿತ್ತು. ಬದಲಾವಣೆ ಮುಗಿಯಿತು ಅಂತ ತಿಳಿಯಲು ಇಷ್ಟು ಗುರುತು ಸಾಕು. ಈಗ ವಾರಕ್ಕೆ ಮೂರು ಸಲ ಬೈತಲೆ ತೆಗೆದು ಬಾಚುತ್ತೇನೆ, ಆರು ವಾರಕ್ಕೊಮ್ಮೆ ಕತ್ತರಿಸುತ್ತೇವೆ. ಕಿವಿಯ ಹಿಂದೆ ಮಾತ್ರ ಈಗಲೂ ದಿನಾ ಕೈ ಹಾಕಿ ನೋಡುತ್ತೇನೆ.